ಸ್ಪಾಟಿಂಗ್ ಸ್ಕೋಪಿಗೆ ಹಗುರ ಟ್ರೈಪಾಡ್ ಮತ್ತು ಹೆಡ್: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಆಯ್ಕೆ

ಸ್ಪಾಟಿಂಗ್ ಸ್ಕೋಪ್ ಎಂದರೆ ದೂರದ ಹಕ್ಕಿ, ಪ್ರಾಣಿಗಳನ್ನು ಹಗಲಿನಲ್ಲಿ ನೋಡಲು ಬಳಸುವ ಒಂಟಿಗಣ್ಣಿನ ದೂರದರ್ಶಕ. ಕೊರಳಿಗೆ ನೇತುಹಾಕಿಕೊಳ್ಳುವ ಬೈನಾಕ್ಯುಲರ್ 8 ಅಥವಾ 10 ಪಟ್ಟು ಹಿಗ್ಗಿಸಿ ತೋರಿಸಿದರೆ, ಸ್ಕೋಪ್ ಸಾಮಾನ್ಯವಾಗಿ 20ರಿಂದ 60 ಪಟ್ಟು ಹಿಗ್ಗಿಸುತ್ತದೆ. ಇಷ್ಟು ಹಿಗ್ಗಿಸುವಾಗ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುವುದರಿಂದ ಅದನ್ನು ಮೂರು ಕಾಲಿನ ಟ್ರೈಪಾಡಿನ ಮೇಲೆ ಕೂರಿಸಲೇಬೇಕು. ಟ್ರೈಪಾಡಿಗೂ ಸ್ಕೋಪಿಗೂ ನಡುವೆ ಇದ್ದು ಸ್ಕೋಪನ್ನು ಅಕ್ಕಪಕ್ಕ ತಿರುಗಿಸಲು, ಮೇಲೆ ಕೆಳಗೆ ಬಾಗಿಸಲು ನೆರವಾಗುವ ಭಾಗವೇ ಹೆಡ್.

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿ ಒಂದಕ್ಕೊಂದು ಹತ್ತಿರದ ಊರುಗಳು. ಆದರೆ ಅಣೆಕಟ್ಟಿನ ಹಿನ್ನೀರು, ಹುಟ್ಟುಬಂಡೆಯ ಗುಡ್ಡ, ಅದಿರಿನ ಬೆಟ್ಟ, ಹೊಳೆಯ ದಂಡೆ ಎಂಬ ನಾಲ್ಕು ಬಗೆಯ ನೆಲ ಇಲ್ಲಿ ಒಟ್ಟಿಗಿದೆ. ಬಿಸಿಲಿನ ಝಳ ಎಲ್ಲ ಕಡೆಗೂ ಸಮಾನ. ಈ ಝಳವೇ ಸ್ಕೋಪಿನ ಹಿಗ್ಗಿಸುವ ಶಕ್ತಿಗೆ ಮಿತಿ ಹಾಕುತ್ತದೆ. ಹೀಗಾಗಿ ಹೊರೆ ಇಳಿಸಬಯಸುವ ವೀಕ್ಷಕರು ಮೊದಲು ಸ್ಕೋಪಿನ ಗಾತ್ರವನ್ನೂ ಆಮೇಲೆ ಟ್ರೈಪಾಡ್ ನಿಲ್ಲಿಸುವ ಎತ್ತರವನ್ನೂ ತಗ್ಗಿಸುವುದು ಲೇಸು; ಕಾಲಿನ ಕೊಳವೆಯನ್ನು ತೆಳುವಾಗಿಸಿ ಉಳಿಸಿದ ಭಾರ ನೋಟವನ್ನೇ ಕೆಡಿಸುತ್ತದೆ.

ವೀಕ್ಷಣೆಯ ನೆಲೆಗಳು

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಜಲಾಶಯ ತುಂಬಿದಾಗ ಅದರ ಹರವು ಸುಮಾರು 378 ಚದರ ಕಿಲೋಮೀಟರ್. ಮುಂಗಾರಿನಲ್ಲಿ ತುಂಬುವ ನೀರು ಚಳಿಗಾಲ ಕಳೆದು ಬೇಸಗೆ ಬರುವಷ್ಟರಲ್ಲಿ ಹಿಂದೆ ಸರಿಯುತ್ತದೆ. ಆಗ ತೆರೆದುಕೊಳ್ಳುವ ಕೆಸರುಬಯಲಿಗೆ ಪಟ್ಟೆತಲೆ ಹೆಬ್ಬಾತು, ರಾಜಹಂಸ, ಬಾತು, ಗೊರವಗಳು ಇಳಿಯುತ್ತವೆ. ದಂಡೆಯಿಂದ ಹಕ್ಕಿಯ ಹಿಂಡಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರವಿರುವುದು ಸಾಮಾನ್ಯ. ಸ್ಕೋಪ್ ಇಲ್ಲದೆ ಗೊರವಗಳ ಜಾತಿ ಗುರುತಿಸುವುದು ಇಲ್ಲಿ ಬಹಳ ಕಷ್ಟ.

ಸಂಡೂರು ಮತ್ತು ಹೊಸಪೇಟೆ ತಾಲ್ಲೂಕುಗಳಲ್ಲಿ ಹಬ್ಬಿರುವ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾಯಿತು. 2009ರಲ್ಲಿ ಬುಕ್ಕಸಾಗರ ಅರಣ್ಯ ಸೇರಿದ ಮೇಲೆ ಅದರ ವಿಸ್ತೀರ್ಣ 82.72 ಚದರ ಕಿಲೋಮೀಟರ್ ಆಯಿತು. ಕಮಲಾಪುರದ ಕಡೆಯಿಂದ ಹೋಗುವ ಪ್ರವಾಸಿಗರು ವೀಕ್ಷಣಾ ಗೋಪುರದಲ್ಲಿ ಕುಳಿತು ಎದುರಿನ ಗುಡ್ಡದ ಬಂಡೆಗಳತ್ತ ನೋಡುತ್ತಾರೆ. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂಡೆಗೆ ಬೆಲ್ಲ ಬೆರೆಸಿದ ಪಾಕ ಬಳಿದು ಹೋದ ಬಳಿಕ, ಗುಹೆಯಿಂದ ಕರಡಿಗಳು ಒಂದೊಂದಾಗಿ ಇಳಿದು ಬರುತ್ತವೆ. ಬಣ್ಣದ ಚಿಟ್ಟುಕೋಳಿ, ಕೊಂಬಿನ ಗೂಬೆ, ದಕ್ಷಿಣ ಭಾರತದ ಬಂಡೆಗುಡ್ಡಗಳಿಗೇ ಸೀಮಿತವಾದ ಹಳದಿ ಕೊರಳಿನ ಪಿಕಳಾರಗಳೂ ಇಲ್ಲಿವೆ.

ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗಳಲ್ಲದೆ ಮೊಸಳೆ, ಆಮೆ, ರೀವ ಹಕ್ಕಿಗಳೂ ಈ ಹರಿವಿನಲ್ಲಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಹೊಸಪೇಟೆಯಿಂದ ಹೋಗಿಬರುವಷ್ಟು ಸಮೀಪದಲ್ಲಿದೆ. 98.76 ಹೆಕ್ಟೇರಿನ ಈ ಕೆರೆಗೆ 2024ರ ಜನವರಿಯಲ್ಲಿ ಜೌಗುನೆಲಗಳ ರಕ್ಷಣೆಯ ರಾಮ್ಸರ್ ಒಪ್ಪಂದದ ಮಾನ್ಯತೆ ಸಿಕ್ಕಿತು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು ನೆರೆಯುತ್ತವೆ. ಏರಿಯ ಮೇಲೆ ನಿಂತು ಸ್ಕೋಪ್ ಹಿಡಿದರೆ ಗೂಡಿನ ಹತ್ತಿರ ಸುಳಿಯದೆಯೇ ಮರಿಗಳ ಬೆಳವಣಿಗೆಯನ್ನು ನೋಡಬಹುದು.

ನಡುಕದ ಲೆಕ್ಕ

ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಒಂದು ಕೋನನಿಮಿಷ ಎನ್ನುತ್ತಾರೆ. ಟ್ರೈಪಾಡಿನ ನೆತ್ತಿ ಇಷ್ಟು ಅಲುಗಿದರೆ ಬರಿಗಣ್ಣಿಗೆ ತಿಳಿಯುವುದೇ ಇಲ್ಲ. 30 ಪಟ್ಟು ಹಿಗ್ಗಿಸಿದ ಸ್ಕೋಪಿನಲ್ಲಿ ಅದು ಅರ್ಧ ಡಿಗ್ರಿಯ ಓಲಾಟವಾಗಿ ಕಾಣುತ್ತದೆ; ಹುಣ್ಣಿಮೆ ಚಂದ್ರನ ಅಗಲವೂ ಹೆಚ್ಚುಕಡಿಮೆ ಅಷ್ಟೇ. 500 ಮೀಟರ್ ದೂರದಲ್ಲಿ ಒಂದು ಕೋನನಿಮಿಷ ಎಂದರೆ ಸುಮಾರು 14.5 ಸೆಂಟಿಮೀಟರ್, ಅಂದರೆ ಒಂದು ಸಣ್ಣ ಗೊರವದ ಮೈಯುದ್ದ. ಹಿನ್ನೀರಿನ ದಂಡೆಯಲ್ಲಿ ನಿಂತವರಿಗೆ ಹಕ್ಕಿ ತನ್ನ ಮೈಯಷ್ಟೇ ಜಾಗ ಹಿಂದೆ ಮುಂದೆ ಜಿಗಿದಂತೆ ತೋರುತ್ತದೆ. ಕಾಲಿನ ಬಣ್ಣ, ಕೊಕ್ಕಿನ ಬಾಗು ಮುಂತಾದ ಗುರುತುಗಳು ಆಗ ಕಲಸಿಹೋಗುತ್ತವೆ.

ನಡುಕಕ್ಕೆ ಮೂರು ಮೂಲಗಳಿವೆ: ಗಾಳಿ, ಫೋಕಸ್ ತಿರುಗಿಸುವ ಕೈ, ನೆಲದ ಅದುರು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಹಿನ್ನೀರಿನ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ದರೋಜಿಯ ಗೋಪುರದಲ್ಲಿ ಜನ ಓಡಾಡಿದಾಗ ನೆಲವೇ ಸಣ್ಣಗೆ ಅದುರಬಹುದು. ಟ್ರೈಪಾಡ್ ಎಷ್ಟು ಭಾರ ಹೊರುತ್ತದೆ ಎಂಬುದಕ್ಕಿಂತ, ಅಲುಗಿದ ಮೇಲೆ ಎಷ್ಟು ಬೇಗ ಸ್ಥಿರವಾಗುತ್ತದೆ ಎಂಬುದು ಮುಖ್ಯವಾಗುವುದು ಇದರಿಂದ.

ಡಬ್ಬಿಯ ಮೇಲೆ ಅಚ್ಚಾಗಿರುವ ಹೊರೆಯ ಅಂಕಿ ಇದನ್ನು ಹೇಳುವುದಿಲ್ಲ. ಅದನ್ನು ಎಲ್ಲ ತಯಾರಕರೂ ಒಂದೇ ವಿಧಾನದಲ್ಲಿ ಅಳೆಯುವುದಿಲ್ಲವಾದ್ದರಿಂದ ಒಬ್ಬರ 8 ಕೆ.ಜಿ.ಯನ್ನು ಇನ್ನೊಬ್ಬರ 8 ಕೆ.ಜಿ.ಯೊಂದಿಗೆ ಹೋಲಿಸಲಾಗದು. ಅಂಗಡಿಯಲ್ಲಿ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಸ್ವಂತ ಸ್ಕೋಪನ್ನೇ ಕೂರಿಸಿ, ನೂರು ಮೀಟರ್ ಆಚೆಯ ಫಲಕವೊಂದನ್ನು ಹೆಚ್ಚಿನ ಹಿಗ್ಗಿಕೆಯಲ್ಲಿ ನೋಡುತ್ತ, ಒಂದು ಕಾಲನ್ನು ಬೆರಳಿನಿಂದ ತಟ್ಟಬೇಕು. ಅಕ್ಷರಗಳು ಒಂದೆರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯ ಟ್ರೈಪಾಡ್. ನಡುಗುತ್ತಲೇ ಇದ್ದರೆ ಬಯಲಿನ ಗಾಳಿಗೆ ಅದು ಸಲ್ಲದು.

ಝಳ ಮತ್ತು ಸ್ಕೋಪಿನ ಗಾತ್ರ

ಕಾದ ಬಂಡೆ ಮತ್ತು ಒಣನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಒಂದೇ ಸಮನೆ ವಕ್ರಗೊಳಿಸುತ್ತದೆ. ಹಂಪಿಯ ಬಂಡೆಗುಡ್ಡಗಳಲ್ಲಿ, ಕಂಪ್ಲಿಯ ಹೊಳೆಮರಳಿನ ಮೇಲೆ ಬಿಸಿಲೇರುತ್ತಿದ್ದಂತೆ ದೂರದ ನೋಟ ಅಲೆಅಲೆಯಾಗಿ ಕುದಿಯತೊಡಗುತ್ತದೆ. ಇದನ್ನು ಯಾವ ಬೆಲೆಯ ಗಾಜೂ ಸರಿಪಡಿಸಲಾರದು. ಮುಂಜಾನೆಯ ಒಂದೆರಡು ಗಂಟೆ ಬಿಟ್ಟರೆ 40, 50, 60 ಪಟ್ಟಿನ ಹಿಗ್ಗಿಕೆಗಳು ದೂರದ ನೋಟಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ದಿನದ ಬಹುಪಾಲು ಕೆಲಸ 20ರಿಂದ 30 ಪಟ್ಟಿನೊಳಗೇ ಮುಗಿಯುತ್ತದೆ.

ಹೀಗಿರುವಾಗ ದೊಡ್ಡ ಗಾಜನ್ನು ಹೊರುವ ಅಗತ್ಯವೂ ತಗ್ಗುತ್ತದೆ. ಸ್ಕೋಪಿನಿಂದ ಹೊರಬೀಳುವ ಬೆಳಕಿನ ಕಂಬದ ವ್ಯಾಸವನ್ನು ತಿಳಿಯಲು ಮುಂದಿನ ಗಾಜಿನ ವ್ಯಾಸವನ್ನು ಹಿಗ್ಗಿಕೆಯಿಂದ ಭಾಗಿಸಬೇಕು. 56 ಮಿ.ಮೀ. ಗಾಜಿನ ಸ್ಕೋಪ್ 25 ಪಟ್ಟಿನಲ್ಲಿ 2.2 ಮಿ.ಮೀ. ಬೆಳಕು ಕೊಡುತ್ತದೆ. ಬಿಸಿಲಿನಲ್ಲಿ ಕಣ್ಣಿನ ಪಾಪೆ ಕುಗ್ಗಿ 2–3 ಮಿ.ಮೀ. ಆಗಿರುವುದರಿಂದ ಅಷ್ಟು ಸಾಕು. 85 ಮಿ.ಮೀ. ಗಾಜಿಗೆ ಅದೇ ಹಿಗ್ಗಿಕೆಯಲ್ಲಿ 3.4 ಮಿ.ಮೀ. ದೊರೆಯುತ್ತದೆ, ಇದರ ಲಾಭ ತಿಳಿಯುವುದು ಮುಸ್ಸಂಜೆಯಲ್ಲಿ, ದರೋಜಿಯ ಕರಡಿಗಳು ಬಂಡೆಯ ನೆರಳಿನಲ್ಲಿ ಕಪ್ಪಾಗಿ ಕರಗುವ ಹೊತ್ತಿನಲ್ಲಿ. ಗೋಪುರದವರೆಗೆ ವಾಹನದಲ್ಲೇ ಹೋಗುವುದರಿಂದ ಅಲ್ಲಿ ಭಾರವೂ ಅಷ್ಟು ತೊಡಕಲ್ಲ.

ಸಣ್ಣ ಸ್ಕೋಪುಗಳಲ್ಲಿ ನಿಕಾನ್ ಇಡಿ50 ಮಾದರಿ ಐಪೀಸ್ (ಕಣ್ಣಿಡುವ ತುದಿಯ ಗಾಜು) ಬಿಟ್ಟು ಅರ್ಧ ಕೆ.ಜಿ.ಗಿಂತ ಹಗುರ. ಸ್ವರೋವ್ಸ್ಕಿ ಕಂಪನಿಯ 17–40 ಪಟ್ಟಿನ, 56 ಮಿ.ಮೀ. ಗಾಜಿನ ಎಟಿಸಿ ಸುಮಾರು 970 ಗ್ರಾಂ ತೂಗುತ್ತದೆ. 80–85 ಮಿ.ಮೀ. ಸ್ಕೋಪುಗಳು ಐಪೀಸ್ ಸೇರಿ ಸಾಮಾನ್ಯವಾಗಿ ಎರಡು ಕೆ.ಜಿ. ಆಸುಪಾಸಿನಲ್ಲಿರುತ್ತವೆ. ಸ್ಕೋಪಿನಲ್ಲಿ ಒಂದು ಕೆ.ಜಿ. ಇಳಿದರೆ ಹೆಡ್ ಮತ್ತು ಕಾಲುಗಳಲ್ಲಿ ಮತ್ತೊಂದು ಕೆ.ಜಿ. ತಾನಾಗಿ ಇಳಿಯುತ್ತದೆ.

ಕಾಲುಗಳು

ಒಂದೇ ದಪ್ಪದ ಗೋಡೆಯುಳ್ಳ ತೆಳು ಕೊಳವೆಯ ಬಿಗುವು ಅದರ ವ್ಯಾಸದ ಘನಕ್ಕೆ ಅನುಗುಣ. 22 ಮಿ.ಮೀ. ಕೊಳವೆಗಿಂತ 28 ಮಿ.ಮೀ. ಕೊಳವೆ ಸುಮಾರು ಎರಡರಷ್ಟು ಬಿಗಿ. ಇತ್ತ, ಒಂದು ತುದಿ ಹಿಡಿದ ಕೋಲಿನ ಬಾಗು ಅದರ ಉದ್ದದ ಘನಕ್ಕೆ ಅನುಗುಣ. ಕಾಲಿನ ಉದ್ದವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಬಾಗು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಪ್ಪ ಕೊಳವೆಗೆ ದುಡ್ಡೂ ಬೇಕು, ಹೊರುವ ಬೆನ್ನೂ ಬೇಕು. ಎತ್ತರ ತಗ್ಗಿಸಲು ಎರಡೂ ಬೇಡ.

ಎತ್ತರ ತಗ್ಗಿಸಲು ಅನುಕೂಲ ಮಾಡಿಕೊಡುವುದು ಕಣ್ಣಿನ ತುದಿ ಮೇಲಕ್ಕೆ ಬಾಗಿರುವ ಓರೆ ಸ್ಕೋಪ್. ನೇರ ಸ್ಕೋಪಿಗೆ ಟ್ರೈಪಾಡ್ ಕಣ್ಣಿನ ಮಟ್ಟದವರೆಗೆ ಏರಬೇಕು. ಓರೆ ಸ್ಕೋಪಾದರೆ ಎದೆಮಟ್ಟ ಸಾಕು. ಜೊತೆಗೆ ಬಂದವರೆಲ್ಲ ನೋಡುವಾಗ ಕುಳ್ಳಗಿರುವವರಿಗೆ ಹೊಂದಿಸಿಟ್ಟರೆ ಎತ್ತರದವರು ತುಸು ಬಾಗಿ ನೋಡುತ್ತಾರೆ. ಹಂಪಿಯ ಗುಡ್ಡಗಳಲ್ಲಿ ಬಂಡೆಯ ಮೇಲೆ, ಅಂಕಸಮುದ್ರದಲ್ಲಿ ಏರಿಯ ಮೇಲೆ ಕುಳಿತು ನೋಡುವವರು ಕಾಲಿನ ಕೊನೆಯ ತೆಳು ಮಡಿಕೆಯನ್ನು (ಒಳಸೇರುವ ಕೊಳವೆಯನ್ನು) ತೆರೆಯದೆಯೇ ಕೆಲಸ ನಡೆಸಬಹುದು. ನೇರ ಸ್ಕೋಪಿಗೂ ತನ್ನದೇ ಅನುಕೂಲವಿದೆ: ಹಾರುವ ಹಕ್ಕಿಯನ್ನು ಬೇಗ ಹಿಡಿಯಬಹುದು, ಕಾರಿನ ಕಿಟಕಿಗೆ ಕ್ಲಾಂಪ್ ಹಾಕಿ ಸಲೀಸಾಗಿ ನೋಡಬಹುದು.

ಹೊರಗೆಳೆಯುವ ನಡುಗಂಬ ಅಗ್ಗದಲ್ಲಿ ಎತ್ತರ ಕೊಡುತ್ತದೆ, ಸ್ಥಿರತೆಯನ್ನು ಕಸಿದುಕೊಳ್ಳುತ್ತದೆ. ಪೂರ್ತಿ ಎತ್ತಿದ ನಡುಗಂಬವೆಂದರೆ ಮೂರು ಕಾಲಿನ ಮೇಲೊಂದು ಒಂಟಿಗಾಲು. ಕಂಬವಿಲ್ಲದೆಯೇ ಬೇಕಾದ ಎತ್ತರಕ್ಕೆ ಏರುವ ಮಾದರಿಯನ್ನು ಆರಿಸುವುದು ಸರಿ. ಮಡಿಕೆಗಳ ಸಂಖ್ಯೆಯಲ್ಲೂ ಇದೇ ತರ್ಕ. ಐದು ಮಡಿಕೆಯ ಟ್ರೈಪಾಡ್ ಬ್ಯಾಗಿನೊಳಗೆ ಅಡಗುತ್ತದೆ, ಆದರೆ ಅದರ ಕೊನೆಯ ಕೊಳವೆ ಬೆರಳಿನಷ್ಟು ತೆಳು. ಮೂರು ಅಥವಾ ನಾಲ್ಕು ಮಡಿಕೆ ಮಧ್ಯಮ ದಾರಿ.

ಕಾರ್ಬನ್ ಫೈಬರ್ ಕಾಲುಗಳು ಅದೇ ಅಳತೆಯ ಅಲ್ಯೂಮಿನಿಯಂಗಿಂತ ಹಗುರ, ನಡುಕವನ್ನು ಬೇಗ ಹೀರುತ್ತವೆ, ಬಿಸಿಲಿನಲ್ಲಿ ಮುಟ್ಟಿದರೆ ಲೋಹದಷ್ಟು ಸುಡುವುದಿಲ್ಲ. ಬೆಲೆ ಹೆಚ್ಚು. ಬಂಡೆಯ ಅಂಚಿಗೆ ಜೋರಾಗಿ ಬಡಿದರೆ ಸೀಳುವ ಅಪಾಯವೂ ಉಂಟು. ಅಲ್ಯೂಮಿನಿಯಂ ಆದರೆ ನೆಗ್ಗಿ ಸುಮ್ಮನಾಗುತ್ತದೆ. ಅಲ್ಯೂಮಿನಿಯಂ ಕೊಳ್ಳುವವರು ಮೇಲಿನ ಮಡಿಕೆಗೆ ಫೋಮ್ ಸುತ್ತಿಕೊಂಡರೆ ಕೈ ಸುಡುವುದಿಲ್ಲ, ಹೆಗಲಿಗೂ ಹಿತ.

ಬಂಡೆಗುಡ್ಡದಲ್ಲಿ ಮೂರು ಕಾಲೂ ಒಂದೇ ಮಟ್ಟದಲ್ಲಿ ಊರುವುದು ಅಪರೂಪ. ಪ್ರತಿಯೊಂದು ಕಾಲನ್ನೂ ಬೇರೆ ಬೇರೆ ಕೋನದಲ್ಲಿ ಅಗಲಿಸಿ ನಿಲ್ಲಿಸುವಂತಿರಬೇಕು. ಕಾಲುಗಳನ್ನು ನಡುವೆ ಪಟ್ಟಿಯಿಂದ ಕಟ್ಟಿಹಾಕಿದ ಅಗ್ಗದ ವಿಡಿಯೋ ಟ್ರೈಪಾಡ್‌ಗಳು ಇಲ್ಲಿ ತೊಡಕು. ಬಂಡೆಗೆ ರಬ್ಬರ್ ಪಾದ, ಹಿನ್ನೀರಿನ ಮಣ್ಣಿಗೆ ಮೊಳೆಪಾದ ಹೊಂದುತ್ತವೆ.

ಹೆಡ್

ಬಾಲ್ ಹೆಡ್ ಹಗುರ, ಚಿಕ್ಕದು, ಕ್ಯಾಮೆರಾ ಇರುವವರ ಮನೆಯಲ್ಲಿ ಮೊದಲೇ ಇರುತ್ತದೆ. ಸ್ಕೋಪಿಗೆ ಮಾತ್ರ ಅದು ಒಗ್ಗುವುದಿಲ್ಲ. ಗುಂಡನ್ನು ಸಡಿಲಿಸಿದೊಡನೆ ಸ್ಕೋಪ್ ಎಲ್ಲ ದಿಕ್ಕಿಗೂ ವಾಲುತ್ತದೆ. ಹಿಂಡಿನ ಮೇಲೆ ನಿಧಾನವಾಗಿ ಕಣ್ಣಾಡಿಸಲು ಬೇಕಾದ ಹಿಡಿತ ಸಿಗುವುದಿಲ್ಲ.

ಸ್ಕೋಪಿಗೆ ತಕ್ಕುದು ಎರಡೇ ದಿಕ್ಕಿನಲ್ಲಿ ಚಲಿಸುವ ಫ್ಲೂಯಿಡ್ ಹೆಡ್. ಇದರೊಳಗಿನ ಮಂದ ಗ್ರೀಸಿನ ಎಳೆತದಿಂದ ಚಲನೆ ಜರ್ಕಿಲ್ಲದೆ ಮೃದುವಾಗುತ್ತದೆ. ಇಂಥ ಹೆಡ್ಡಿಗೆ 1940ರ ದಶಕದಲ್ಲಿ ಆಸ್ಟ್ರೇಲಿಯಾದ ಎರಿಕ್ ಮಿಲ್ಲರ್ ಪೇಟೆಂಟ್ ಪಡೆದರು. ಸಿನಿಮಾ ಕ್ಯಾಮೆರಾಗಳಿಂದ ಅದು ಹಕ್ಕಿ ವೀಕ್ಷಕರ ಕೈಗೆ ಬಂತು. ಒಂದೇ ಹಿಡಿಕೆಯಿಂದ ತಿರುಗಿಸುವುದೂ ಬಾಗಿಸುವುದೂ ಆಗುತ್ತದೆ, ಇನ್ನೊಂದು ಕೈ ಫೋಕಸಿಗೆ ಬಿಡುವಾಗಿರುತ್ತದೆ. ಹಗುರ ಮಾದರಿಗಳು 400ರಿಂದ 800 ಗ್ರಾಂ ತೂಗುತ್ತವೆ. ಮ್ಯಾನ್‌ಫ್ರಾಟೊ, ಗಿಟ್ಜೊ, ಸಿರುಯಿ, ಬೆನ್ರೊ ಮುಂತಾದ ಕಂಪನಿಗಳು ಈ ವರ್ಗದ ಹೆಡ್‌ಗಳನ್ನು ತಯಾರಿಸುತ್ತವೆ. ಬೇಸಗೆಯ ಕಾವಿಗೆ ಗ್ರೀಸ್ ತೆಳುವಾಗಿ ಎಳೆತ ಸಡಿಲವಾಗಬಹುದು. ಎಳೆತವನ್ನು ಹೆಚ್ಚಿಸಿಕೊಳ್ಳುವ ತಿರುಪು ಇದ್ದರೆ ಒಳ್ಳೆಯದು.

ಹೆಡ್ಡಿನ ಗುಣಕ್ಕಿಂತ ಹೆಚ್ಚಾಗಿ ಕೈಕೊಡುವುದು ಸಮತೋಲ. ಹೆಡ್ಡಿಗೆ ಕೂರುವ ಸ್ಕೋಪಿನ ಪಾದ ಅದರ ತೂಕದ ನಟ್ಟನಡುವೆ ಇರುವುದಿಲ್ಲ. ಮೊಬೈಲನ್ನು ಅಡಾಪ್ಟರಿನಿಂದ ಐಪೀಸಿಗೆ ಕೂರಿಸಿ ಫೋಟೊ ತೆಗೆಯುವವರಿಗೆ ಹಿಂಭಾಗ ಇನ್ನೂ ಭಾರವಾಗುತ್ತದೆ. ಕೈಬಿಟ್ಟರೆ ಸ್ಕೋಪ್ ಆಕಾಶ ನೋಡುತ್ತದೆ. ಪಾದಕ್ಕೆ ಉದ್ದನೆಯ ಜಾರುಫಲಕ ಹಾಕಿ, ಕೈಬಿಟ್ಟರೂ ನಿಂತಲ್ಲೇ ನಿಲ್ಲುವವರೆಗೆ ಹಿಂದೆ ಮುಂದೆ ಸರಿಸಿಕೊಂಡರೆ ಹಗುರ ಹೆಡ್ಡೂ ಚೆನ್ನಾಗಿ ಕೆಲಸ ಮಾಡುತ್ತದೆ.

ಟ್ರೈಪಾಡಿನ ತಿರುಪುಗಳು ಐಎಸ್‌ಒ 1222 ಮಾನಕಕ್ಕೆ ಒಳಪಟ್ಟಿವೆ: ಸ್ಕೋಪಿನ ಪಾದಕ್ಕೆ ಸಾಮಾನ್ಯವಾಗಿ ಕಾಲು ಅಂಗುಲದ್ದು, ಹೆಡ್ ಮತ್ತು ಕಾಲುಗಳ ಜೋಡಣೆಗೆ ಎಂಟರಲ್ಲಿ ಮೂರು ಅಂಗುಲದ್ದು. ಜಾರುಫಲಕಗಳಿಗೆ ಹೀಗೆ ಒಂದೇ ಅಳತೆಯಿಲ್ಲ. ಸುಮಾರು 38 ಮಿ.ಮೀ. ಅಗಲದ ಆರ್ಕಾ ಸ್ವಿಸ್ ಮಾದರಿ ಹೆಚ್ಚು ಬಳಕೆಯಲ್ಲಿದೆ. ಕೆಲವು ಕಂಪನಿಗಳ ಫಲಕ ಅವರದೇ ಹೆಡ್ಡಿಗೆ ಮಾತ್ರ ಕೂರುತ್ತದೆ. ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು.

ತೂಕದ ಮೂರು ಜೋಡಿಗಳು

ಮಾರುಕಟ್ಟೆಯ ಸಾಮಾನ್ಯ ಮಾದರಿಗಳನ್ನು ಆಧರಿಸಿ ಈ ಸೀಮೆಯ ಬಳಕೆಗೆ ಮೂರು ಜೋಡಿಗಳನ್ನು ಹೀಗೆ ಹೊಂದಿಸಬಹುದು. ಎಲ್ಲ ತೂಕಗಳೂ ಅಂದಾಜು.

| ಸ್ಕೋಪ್ | ಹೆಡ್ | ಕಾಲುಗಳು | ಒಟ್ಟು | ಒಪ್ಪುವ ನೆಲೆ |
|---|---|---|---|---|
| 50–56 ಮಿ.ಮೀ., 0.6–1 ಕೆ.ಜಿ. | 0.4–0.5 ಕೆ.ಜಿ. | ಕಾರ್ಬನ್, 22–25 ಮಿ.ಮೀ., 1–1.2 ಕೆ.ಜಿ. | 2–2.7 ಕೆ.ಜಿ. | ಹಂಪಿಯ ಗುಡ್ಡ, ಸಂಡೂರಿನ ಬೆಟ್ಟ |
| 65 ಮಿ.ಮೀ., 1.2–1.6 ಕೆ.ಜಿ. | 0.6–0.8 ಕೆ.ಜಿ. | ಕಾರ್ಬನ್, 25–28 ಮಿ.ಮೀ., 1.4–1.6 ಕೆ.ಜಿ. | 3.2–4 ಕೆ.ಜಿ. | ಕಂಪ್ಲಿಯ ಹೊಳೆದಂಡೆ, ಅಂಕಸಮುದ್ರದ ಏರಿ |
| 80–85 ಮಿ.ಮೀ., 1.8–2.2 ಕೆ.ಜಿ. | 0.8–1.2 ಕೆ.ಜಿ. | 28–32 ಮಿ.ಮೀ., 1.8–2.2 ಕೆ.ಜಿ. | 4.4–5.6 ಕೆ.ಜಿ. | ಹಿನ್ನೀರು, ದರೋಜಿಯ ಗೋಪುರ |

ಒಂದೇ ಜೋಡಿ ಕೊಳ್ಳುವವರಿಗೆ ನಡುವಿನದು ಎಲ್ಲ ಕಡೆಗೂ ಸಲ್ಲುತ್ತದೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಾಡಿನಲ್ಲಿ ನಡೆಯುವವರಿಗೆ ಮೊದಲನೆಯದು ಮೇಲು. ಮರಗಳ ನಡುವೆ ದೂರದ ನೋಟ ಕಡಿಮೆ, ಏರು ಹೆಚ್ಚು. ದರೋಜಿಯ ಗೋಪುರದಲ್ಲಿ ಜನ ತುಂಬಿದಾಗ ಟ್ರೈಪಾಡ್ ಬಿಡಿಸಲು ಜಾಗವೇ ಇರುವುದಿಲ್ಲ. ಆಗ ಕಾಳು ಅಥವಾ ಮರಳು ತುಂಬಿದ ಬಟ್ಟೆ ಚೀಲವನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಸ್ಕೋಪ್ ಒರಗಿಸುವುದು ಯಾವ ಟ್ರೈಪಾಡಿಗೂ ಕಡಿಮೆಯಲ್ಲದ ಉಪಾಯ.

ಬಳಕೆ ಮತ್ತು ಆರೈಕೆ

ಬಯಲಿನಲ್ಲಿ ಒಂದು ಕಾಲನ್ನು ಗಾಳಿ ಬೀಸುವ ದಿಕ್ಕಿಗೆ ಚಾಚಿ, ಮೂರನ್ನೂ ಅಗಲಿಸಿ ತಗ್ಗಾಗಿ ನಿಲ್ಲಿಸಬೇಕು. ನಡುವಿನ ಕೊಕ್ಕೆಗೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ತೂಗಾಡುವ ಚೀಲ ತಾನೇ ನಡುಕ ಹುಟ್ಟಿಸುತ್ತದೆ. ಹಿನ್ನೀರಿನ ದಂಡೆಯುದ್ದಕ್ಕೂ ಹಿಂಡು ಎಣಿಸುವವರು ಹೆಡ್ಡಿನ ಬುಡ ಮಟ್ಟಸವಾಗಿದೆಯೇ ನೋಡಿಕೊಳ್ಳಬೇಕು. ಬುಡ ಓರೆಯಾಗಿದ್ದರೆ ತಿರುಗಿಸಿದಂತೆಲ್ಲ ನೋಟ ನೀರಿನ ಗೆರೆ ಬಿಟ್ಟು ಮೇಲಕ್ಕೋ ಕೆಳಕ್ಕೋ ಜಾರುತ್ತದೆ.

ಕೆಸರಿನಲ್ಲಿ ಊರುವಾಗ ಎಲ್ಲಕ್ಕಿಂತ ಕೆಳಗಿನ ಮಡಿಕೆಯನ್ನು ಮೊದಲು ತೆರೆದರೆ ಬಿಗಿ ಹಾಕುವ ಜಾಗ ಕೆಸರಿನಿಂದ ಮೇಲಿರುತ್ತದೆ. ಮನೆಗೆ ಬಂದ ಮೇಲೆ ಕಾಲುಗಳನ್ನು ತೊಳೆದು, ಮಡಿಕೆ ತೆರೆದಿಟ್ಟು ಒಣಗಿಸಬೇಕು. ಸಂಡೂರಿನ ಅದಿರಿನ ಕೆಂಧೂಳು ಹೆಚ್ಚು ಕಾಡುವಂಥದು. ಅದು ನವಿರು, ಗಡಸು. ತಿರುಗಿಸಿ ಬಿಗಿಯುವ ಮಡಿಕೆಗಳ ಸಂದಿಗೆ ಸೇರಿ ಕರಕರ ಎನ್ನುತ್ತದೆ. ಇಂಥ ಮಡಿಕೆಗಳನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಗ್ರೀಸನ್ನು ತೀರಾ ತೆಳುವಾಗಿ ಸವರಬೇಕು. ಹೆಚ್ಚು ಗ್ರೀಸ್ ಧೂಳನ್ನೇ ಹಿಡಿದಿಡುತ್ತದೆ. ಚಿಮಟದಂತೆ ಮುಚ್ಚುವ ಬಿಗಿಗಳಿಗೆ ಈ ಕಾಟ ಕಡಿಮೆ, ಆದರೆ ಅವುಗಳ ತಿರುಪನ್ನು ಆಗಾಗ ಬಿಗಿ ಮಾಡುತ್ತಿರಬೇಕು.

ಹಿನ್ನೆಲೆ

ಹಂಪಿಗೆ ಮೂರುಕಾಲಿನ ಉಪಕರಣ ಹೊಸತಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿನ ಅವಶೇಷಗಳನ್ನು ದೊಡ್ಡ ಅಳತೆಯ ಮೇಣಗಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ವಿಧಾನಕ್ಕೆ ದೀರ್ಘ ಎಕ್ಸ್‌ಪೋಜರ್ ಬೇಕಾದ್ದರಿಂದ ಅಲುಗದ ಆಸರೆ ಅನಿವಾರ್ಯವಾಗಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ನೆಲೆಗಳಿಂದ ಮತ್ತೆ ಚಿತ್ರ ತೆಗೆದರು. ಟ್ರೈಪಾಡಿನ ಭಾರ ಗಣನೀಯವಾಗಿ ಇಳಿದದ್ದು ಫ್ರಾನ್ಸಿನಲ್ಲಿ ಹುಟ್ಟಿದ ಗಿಟ್ಜೊ ಕಂಪನಿ 1990ರ ದಶಕದ ನಡುವೆ ಕಾರ್ಬನ್ ಫೈಬರ್ ಕಾಲುಗಳನ್ನು ಮಾರುಕಟ್ಟೆಗೆ ತಂದ ಮೇಲೆ.

ನಿಯಮಗಳು

ಹಂಪಿಯ ಸ್ಮಾರಕಗಳು 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಹೂಡಿ ಚಿತ್ರ ತೆಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಬೇಕು. ಸ್ಕೋಪನ್ನು ಕಾವಲುಗಾರರು ಕ್ಯಾಮೆರಾ ಎಂದೇ ಎಣಿಸಬಹುದಾದ್ದರಿಂದ ಆವರಣದ ಹೊರಗಿನ ಗುಡ್ಡ, ತೋಟದ ಬದು, ಕಾಲುವೆ ದಂಡೆಗಳನ್ನು ಆರಿಸಿಕೊಳ್ಳುವುದು ಸುಲಭ. ಹಳೆಯ ಕಲ್ಲಿನ ನೆಲದ ಮೇಲೆ ಮೊಳೆಪಾದ ಊರುವುದು ಎಲ್ಲಿಯೂ ಸಲ್ಲದು. ಕರಡಿಧಾಮಕ್ಕೆ ಅರಣ್ಯ ಇಲಾಖೆಯ ಪ್ರವೇಶ ಶುಲ್ಕವೂ ನಿಗದಿತ ವೇಳೆಯೂ ಉಂಟು. ಪ್ರವಾಸಿಗರಿಗೆ ತೆರೆದಿರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಬೆಳಗಿನ ತಿಳಿ ನೋಟ ಅಲ್ಲಿ ಸಿಗುವುದಿಲ್ಲವಾದ್ದರಿಂದ ದರೋಜಿಗಾಗಿಯೇ ಸ್ಕೋಪ್ ಕೊಳ್ಳುವವರು ಹೆಚ್ಚಿನ ಹಿಗ್ಗಿಕೆಗೆ ಹಣ ತೆರದೆ, ದೊಡ್ಡ ಗಾಜು ಮತ್ತು ಮೃದುವಾಗಿ ತಿರುಗುವ ಹೆಡ್ಡಿಗೆ ಖರ್ಚು ಮಾಡುವುದು ಉಚಿತ.